ಓದುಗರ ಪ್ರಶ್ನೆ: ತರಗೆಲೆಯನ್ನು ತಿಂದು ಬೆಳೆಯುವ ಹಸಿರು ಪತಂಗ

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನಿಂದ ಬಂದ ಒಂದು ಪತ್ರಕ್ಕೆ ಸ್ಥಳಾಭಾವದಿಂದ ಎರಡೇ ಸಾಲಿನ ಉತ್ತರ ಕೊಟ್ಟಿದ್ದೆ. ‘ಈ ಪತಂಗದ ಮರಿಹುಳು ಉದುರಿದ ಎಲೆಯನ್ನು ತಿಂದು ಬೆಳೆಯುತ್ತದೆ’ ಎಂಬ ನನ್ನ ಮಾತು ಹಲವರಿಗೆ ನಂಬಲು ಕಷ್ಟವಾಯಿತೆಂದು ಅನಂತರ ಬಂದ ಪತ್ರಗಳಿಂದ ತಿಳಿಯಿತು. ಆದ್ದರಿಂದ ಈ ಸಲದ ಅಂಕಣವನ್ನು ಆ ಒಂದೇ ವಿಷಯಕ್ಕೆ ಮೀಸಲಿಟ್ಟು, ಮೊದಲ ಪತ್ರದಿಂದಲೇ ಮತ್ತೆ ಆರಂಭಿಸುತ್ತಿದ್ದೇನೆ.

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಇಲ್ಲಿಗೆ ಬಂದಿದ್ದೇನೆ. ಮೇ ತಿಂಗಳ ಮೊದಲ ವಾರದ ಒಂದು ಬೆಳಿಗ್ಗೆ, ಒಳ್ಳೆಯ ಬಿಸಿಲು ಬಿದ್ದಿದ್ದಾಗ, ಮನೆಯ ಹತ್ತಿರದ ಓಕ್ ಮರಗಳ ತೋಪಿನಲ್ಲಿ ಇಪ್ಪತ್ತು ಮೂವತ್ತು ಸಣ್ಣ ಹುಳುಗಳು ಚಿಗುರಿದ ಕೊಂಬೆಯ ತುದಿಯಲ್ಲಿ ಒಟ್ಟಾಗಿ ಮೇಲಕ್ಕೂ ಕೆಳಕ್ಕೂ ಕುಣಿಯುವಂತೆ ಹಾರುತ್ತಿದ್ದವು. ಒಂದು ಎಲೆಯ ಮೇಲೆ ಬಂದು ಕುಳಿತಾಗ ಬಗ್ಗಿ ನೋಡಿದೆ. ರೆಕ್ಕೆ ಹಸಿರು ಛಾಯೆಯ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ತಲೆಯಿಂದ ಬಿಳಿಯ ನೂಲಿನಂತಹ ಎರಡು ಮೀಸೆಗಳು ಮೈಗಿಂತ ಎಷ್ಟೋ ಉದ್ದವಾಗಿ ಚಾಚಿಕೊಂಡಿದ್ದವು. ಇದು ನೊಣವೇ, ಚಿಟ್ಟೆಯೇ? ಇದರ ಮರಿಹುಳು ಓಕ್ ಎಲೆಯನ್ನು ತಿನ್ನುತ್ತದೆಯೇ? ಕೊಂಬೆಗಳಲ್ಲೆಲ್ಲ ಹುಡುಕಿದರೂ ಒಂದೂ ಸಿಗಲಿಲ್ಲ.
— ಓದುಗರು, ಬ್ರಿಸ್ಟಲ್, ಇಂಗ್ಲೆಂಡ್

ಉತ್ತರ: ನೀವು ಕಂಡದ್ದು ನೊಣವೂ ಅಲ್ಲ, ಚಿಟ್ಟೆಯೂ ಅಲ್ಲ, ಅದೊಂದು ಪತಂಗ. ಪತಂಗಗಳೆಲ್ಲ ರಾತ್ರಿ ದೀಪಕ್ಕೆ ಬರುವಂಥವು ಎಂಬ ನಮ್ಮ ರೂಢಿಯ ತಿಳಿವಳಿಕೆಗೆ ವಿರುದ್ಧವಾಗಿ ಇದು ಹಗಲಿನಲ್ಲಿ, ಅದರಲ್ಲಿಯೂ ಬಿಸಿಲಿನಲ್ಲಿ ಹಾರುತ್ತದೆ. ಇದರ ಶಾಸ್ತ್ರೀಯ ಹೆಸರು ಅಡೆಲಾ ರಿಯೋಮುರೆಲ್ಲಾ. ಇಂಗ್ಲಿಷರು ಇದನ್ನು ಗ್ರೀನ್ ಲಾಂಗ್‌ಹಾರ್ನ್ ಎಂದು ಕರೆಯುತ್ತಾರೆ. ನಾವು ಕನ್ನಡದಲ್ಲಿ ಹಸಿರು ನೀಳಮೀಸೆ ಎನ್ನಬಹುದು. ರೆಕ್ಕೆಗಳನ್ನು ಪೂರ್ತಿ ಹರಡಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ 14ರಿಂದ 18 ಮಿಲಿಮೀಟರ್ ಮಾತ್ರ. ಆದರೆ ಗಂಡಿನ ಮೀಸೆ ಅದರ ಮುಂರೆಕ್ಕೆಯ ಉದ್ದದ ಸುಮಾರು ಮೂರರಷ್ಟು, ಅಂದರೆ ಎರಡು ಸೆಂಟಿಮೀಟರಿನ ಆಚೆ ಈಚೆ ಇರುತ್ತದೆ. ಹೆಣ್ಣಿನ ಮೀಸೆ ಬಹಳ ಗಿಡ್ಡ. ಹಾಗಾಗಿ ನೀವು ಬಗ್ಗಿ ನೋಡಿದ್ದು ಗಂಡೇ ಎಂದು ನಿಸ್ಸಂಶಯವಾಗಿ ಹೇಳಬಹುದು.

ಆ ಕುಣಿತವೂ ಗಂಡುಗಳದ್ದೇ. ರೇಷ್ಮೆ ಪತಂಗವನ್ನು ಬಲ್ಲವರಿಗೆ ಇದು ವಿಚಿತ್ರವೆನಿಸಬಹುದು, ಏಕೆಂದರೆ ಅಲ್ಲಿ ಹೆಣ್ಣು ಕುಳಿತಲ್ಲೇ ವಾಸನೆ ಬೀರುತ್ತದೆ ಮತ್ತು ಗಂಡು ತನ್ನ ಗರಿಯಂತಹ ಮೀಸೆಯಿಂದ ಆ ವಾಸನೆಯನ್ನು ಹಿಡಿದು ಅದರ ಬಳಿಗೆ ಹೋಗುತ್ತದೆ. ಇಲ್ಲಿ ಗಂಡುಗಳೇ ಬಿಸಿಲು ಬಿದ್ದ ಕೊಂಬೆಯ ತುದಿಯಲ್ಲಿ ನೆರೆದು ಮೀಸೆ ಚಾಚಿ ಹಾರಾಡುತ್ತವೆ. ಹೆಣ್ಣುಗಳು ಅಲ್ಲಿಗೆ ಬರುತ್ತವೆ. ಮೋಡ ಕವಿದರೆ ಕುಣಿತ ನಿಲ್ಲುತ್ತದೆ. ಬಿಸಿಲಿನಲ್ಲಿ ಮಿನುಗುವ ಆ ಹಸಿರು ಕೂಡ ಯಾವುದೋ ಹಸಿರು ಬಣ್ಣದ ಪುಡಿಯಿಂದ ಬಂದದ್ದಲ್ಲ. ನವಿಲುಗರಿಯಲ್ಲಿ ಆಗುವಂತೆ, ರೆಕ್ಕೆಯನ್ನು ಹೊದಿಸಿರುವ ಸೂಕ್ಷ್ಮ ಹುರುಪೆಗಳ ಅತಿ ತೆಳುವಾದ ಪದರಗಳಲ್ಲಿ ಬೆಳಕು ಮರಳಿ ಚಿಮ್ಮುವ ಬಗೆಯಿಂದ ಆ ಹೊಳಪು ಹುಟ್ಟುತ್ತದೆ.

ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಫ್ರಾನ್ಸಿನ ರೆನೆ ಆಂತ್ವಾನ್ ಫೆರ್ಶೋ ದ ರಿಯೋಮುರ್ 1683ರಲ್ಲಿ ಹುಟ್ಟಿ 1757ರ ಅಕ್ಟೋಬರಿನಲ್ಲಿ ತೀರಿಕೊಂಡವರು. 1734ರಿಂದ 1742ರವರೆಗೆ ಆರು ಸಂಪುಟಗಳಲ್ಲಿ ಕೀಟಗಳ ಜೀವನವನ್ನು ಬರೆದವರು. ಉಷ್ಣತಾಮಾಪಕದ ಒಂದು ಅಳತೆಗೂ ಅವರ ಹೆಸರಿದೆ. ಅವರು ತೀರಿಕೊಂಡ ಮರುವರ್ಷ, 1758ರಲ್ಲಿ, ಸ್ವೀಡನ್ನಿನ ಲಿನೇಯಸ್ ತಮ್ಮ ಜೀವಿಗಳ ಪಟ್ಟಿಯಲ್ಲಿ ಈ ಪತಂಗಕ್ಕೆ ಅವರ ಹೆಸರನ್ನಿಟ್ಟರು. ಇದೇ ಬಳಗದ ಇನ್ನೆರಡು ಪತಂಗಗಳಿಗೆ ಲಿನೇಯಸ್ ಡಿ ಗೀರ್ ಮತ್ತು ಸ್ವಾಮರ್‌ಡಾಮ್ ಎಂಬ ಕೀಟಶಾಸ್ತ್ರಜ್ಞರ ಹೆಸರುಗಳನ್ನು ಕೊಟ್ಟಿದ್ದಾರೆ. ಉಗುರಿನಷ್ಟೂ ಅಗಲವಿಲ್ಲದ ಜೀವಿಗಳನ್ನು ಇಂತಹ ವಿದ್ವಾಂಸರ ಗೌರವಕ್ಕೆ ಆರಿಸಿಕೊಂಡ ಆ ಮನಸ್ಸು ನನಗೆ ತುಂಬ ಇಷ್ಟ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಮರಿಹುಳು ಕೊಂಬೆಯಲ್ಲಿ ಸಿಗದಿರುವುದಕ್ಕೆ ಕಾರಣ, ಅದು ಇರುವುದು ನಿಮ್ಮ ಕಾಲಡಿಯಲ್ಲಿ. ನೆಲದ ಮೇಲೆ ಬಿದ್ದು ತೇವ ಹಿಡಿದ ಹಳೆಯ ಎಲೆಗಳ ನಡುವೆ, ಎಲೆಯ ಚೂರುಗಳನ್ನೇ ತನ್ನ ರೇಷ್ಮೆಯೆಳೆಯಿಂದ ಹೆಣೆದು ಚಪ್ಪಟೆಯಾದ ಒಂದು ಚೀಲ ಮಾಡಿಕೊಂಡು, ಅದರೊಳಗೆ ಮೈ ಅಡಗಿಸಿ, ತಲೆ ಮತ್ತು ಮುಂಗಾಲುಗಳನ್ನಷ್ಟೇ ಹೊರಗೆ ಹಾಕಿ, ಚೀಲವನ್ನು ಎಳೆದುಕೊಂಡೇ ಅದು ಓಡಾಡುತ್ತದೆ. ಹುಳು ಬೆಳೆದಂತೆ ಚೀಲವೂ ದೊಡ್ಡದಾಗುತ್ತದೆ. ಚಳಿಗಾಲವನ್ನು ಅಲ್ಲಿಯೇ ಕಳೆದು, ವಸಂತದಲ್ಲಿ ಅದೇ ಚೀಲದೊಳಗೆ ಕೋಶಾವಸ್ಥೆಗೆ ಹೋಗಿ, ಓಕ್ ಚಿಗುರುವ ಹೊತ್ತಿಗೆ ಪತಂಗವಾಗಿ ಹೊರಬರುತ್ತದೆ. ನೀವು ಕೊಂಬೆಯ ತುದಿಯಲ್ಲಿ ಕಂಡ ಆ ಹೊಳೆಯುವ ರೆಕ್ಕೆಗಳೆಲ್ಲ ಹಿಂದಿನ ವರ್ಷಗಳ ತರಗೆಲೆಯಿಂದಲೇ ಆದವು.

ಪ್ರಶ್ನೆ: ಒಣಗಿ ಉದುರಿದ ಎಲೆಯಲ್ಲಿ ಸಾರವೇನು ಉಳಿದಿರುತ್ತದೆ? ನಮ್ಮ ಕಡೆ ದರಕನ್ನು ದನಗಳು ಮೂಸಿಯೂ ನೋಡುವುದಿಲ್ಲ. ಬೆಟ್ಟದಿಂದ ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ಆಮೇಲೆ ಗೊಬ್ಬರಗುಂಡಿಗೆ ಹಾಕುತ್ತೇವೆ. ಇಂಥದ್ದನ್ನು ತಿಂದು ಒಂದು ಹುಳು ಹೇಗೆ ಬದುಕೀತು?
— ಕೃಷಿಕರು, ಶಿರಸಿ

ಉತ್ತರ: ನಿಮ್ಮ ಸಂದೇಹ ನ್ಯಾಯವಾದದ್ದು. ಎಲೆಯನ್ನು ಉದುರಿಸುವ ಮೊದಲು ಮರ ಅದರಲ್ಲಿರುವ ಬೆಲೆಯುಳ್ಳ ಅಂಶಗಳನ್ನು, ವಿಶೇಷವಾಗಿ ಸಾರಜನಕವನ್ನು, ಸುಮಾರು ಅರ್ಧದಷ್ಟು ಹಿಂದಕ್ಕೆ ಎಳೆದುಕೊಂಡುಬಿಡುತ್ತದೆ. ಎಲೆಯ ಹಸಿರು ಹೋಗಿ ಹಳದಿಯಾಗುವುದು ಈ ಎಳೆದುಕೊಳ್ಳುವ ಕೆಲಸದ ಹೊರಗುರುತು. ಉಳಿಯುವುದು ಹೆಚ್ಚಾಗಿ ನಾರು, ಮರವನ್ನು ಗಟ್ಟಿ ಮಾಡುವ ಲಿಗ್ನಿನ್ ಮತ್ತು ಒಗರಿನ ಅಂಶವಾದ ಟ್ಯಾನಿನ್. ಈ ಟ್ಯಾನಿನ್ ಎಂದರೆ ಅಳಲೆಕಾಯಿಯನ್ನು ಕಚ್ಚಿದಾಗ ನಾಲಗೆ ಹಿಡಿದಂತಾಗುತ್ತದಲ್ಲ, ಅದೇ. ಚರ್ಮ ಹದ ಮಾಡುವುದಕ್ಕೆ ನಮ್ಮವರು ತಂಗಡಿಯ ತೊಗಟೆಯನ್ನು ಬಳಸುತ್ತಿದ್ದುದೂ, ಯುರೋಪಿನವರು ಓಕ್ ತೊಗಟೆಯನ್ನು ಬಳಸುತ್ತಿದ್ದುದೂ ಅದಕ್ಕಾಗಿಯೇ. ಅದು ಪ್ರೋಟೀನನ್ನು ಹಿಡಿದು ಕಟ್ಟಿಹಾಕುತ್ತದೆ. ತಿಂದವರ ಹೊಟ್ಟೆಯಲ್ಲಿ ಪ್ರೋಟೀನು ದಕ್ಕದಂತೆ ಮಾಡುತ್ತದೆ.

ಓಕ್ ಎಲೆಯಲ್ಲಿ ಈ ಒಗರು ಎಲೆ ಬಲಿತಂತೆ ಏರುತ್ತದೆ. ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ ಕೆಲಸ ಮಾಡಿದ ಪಾಲ್ ಫೀನಿ ಎಂಬ ವಿಜ್ಞಾನಿ 1970ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಓಕ್ ಎಲೆ ತಿನ್ನುವ ‘ಚಳಿಗಾಲದ ಪತಂಗ’ (ವಿಂಟರ್ ಮಾತ್) ಎಂಬ ಪತಂಗದ ಮರಿಹುಳುಗಳು ವಸಂತದ ಮೊದಲ ವಾರಗಳಲ್ಲೇ ಆತುರಾತುರವಾಗಿ ತಿಂದು ಮುಗಿಸುವುದಕ್ಕೆ ಎಲೆಯ ಈ ಬದಲಾವಣೆಯೇ ಕಾರಣವೆಂದು ವಿವರಿಸಿದರು. ನಮ್ಮ ಹಸಿರು ನೀಳಮೀಸೆಯ ಹುಳು ಈ ಆತುರದ ದಾರಿಯನ್ನು ಬಿಟ್ಟು, ಕಾಯುವ ದಾರಿಯನ್ನು ಹಿಡಿದಿದೆ. ಉದುರಿದ ಎಲೆ ಮಳೆಗೆ ನೆನೆಯುತ್ತದೆ, ನೀರಿನಲ್ಲಿ ಕರಗುವ ಒಗರು ತೊಳೆದುಹೋಗುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಈ ಬೂಷ್ಟೇ ಇಲ್ಲಿ ಮುಖ್ಯ. ಶಿಲೀಂಧ್ರದ ಎಳೆಗಳು ಎಲೆಯೊಳಗೆ ಹಬ್ಬಿ, ಹುಳುವಿನ ಹೊಟ್ಟೆಗೆ ಒಗ್ಗದ ನಾರನ್ನು ಮೆತ್ತಗೆ ಮಾಡುತ್ತವೆ. ಜೊತೆಗೆ ಆ ಎಳೆಗಳ ಮೈಯಲ್ಲಿ ಬೇಕಾದ ಪ್ರೋಟೀನೂ ಇರುತ್ತದೆ. ಇಡ್ಲಿಯ ಹಿಟ್ಟು ರಾತ್ರಿಯಿಡೀ ಹುದುಗಿ ಬೆಳಿಗ್ಗೆಗೆ ಬೇರೆಯೇ ಹದಕ್ಕೆ ಬರುವಂತೆ, ತರಗೆಲೆಯೂ ಕೆಲವು ತಿಂಗಳು ನೆಲದಲ್ಲಿ ಬಿದ್ದು ಹದಕ್ಕೆ ಬಂದ ಮೇಲೆಯೇ ಇಂತಹ ಹುಳುಗಳಿಗೆ ಆಹಾರವಾಗುತ್ತದೆ. ನಿಮ್ಮ ದನ ಮೂಸದೇ ಬಿಡುವುದು ಈಗಷ್ಟೇ ಬಿದ್ದ, ಗರಿಗರಿ ಒಣಗಿದ ದರಕನ್ನು. ಅದೇ ದರಕಿನ ಅಡಿಯ ಪದರವನ್ನು ಜುಲೈ ತಿಂಗಳಲ್ಲಿ ಎತ್ತಿ ನೋಡಿದರೆ ಬಿಳಿಯ ನೂಲಿನಂತಹ ಬೂಷ್ಟು ಎಲೆಯಿಂದ ಎಲೆಗೆ ಹರಿದಿರುವುದನ್ನು ನೀವು ಎಷ್ಟೋ ಸಲ ಕಂಡಿರುತ್ತೀರಿ.

ಆದರೂ ಇದು ಬಡ ಆಹಾರವೇ. ರಾಮನಗರದ ರೇಷ್ಮೆಹುಳು ಹಸಿ ಹಿಪ್ಪುನೇರಳೆ ಸೊಪ್ಪನ್ನು ಹಗಲೂ ರಾತ್ರಿ ಮೇಯ್ದು ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಗೂಡು ಕಟ್ಟುತ್ತದೆ. ಅದರ ಮುಂದೆ ಈ ಪುಟ್ಟ ಹುಳು ಬೇಸಿಗೆಯಿಂದ ಮರುವರ್ಷದ ವಸಂತದವರೆಗೂ ತಿನ್ನುತ್ತಲೇ ಇರಬೇಕು. ನಿಧಾನವಾಗಿ ಬೆಳೆಯುವ ಜೀವಿಗೆ ಶತ್ರುಗಳ ಕೈಗೆ ಸಿಗುವ ಅಪಾಯ ಹೆಚ್ಚು; ಇರುವೆ, ಜೀರುಂಡೆ, ಜೇಡ, ಎಲೆ ಕೆದಕುವ ಹಕ್ಕಿ ಎಲ್ಲವೂ ಅದೇ ನೆಲದಲ್ಲಿವೆ. ಎಲೆಯ ಚೂರಿನದೇ ಚೀಲ ಹೊದ್ದು ಎಲೆಗಳ ನಡುವೆ ಇರುವುದರ ಅನುಕೂಲ ಇಲ್ಲಿ ಸ್ಪಷ್ಟವಾಗುತ್ತದೆ: ಕಣ್ಣಿಗೆ ಬೀಳುವುದೂ ಇಲ್ಲ, ಮೈಯ ತೇವ ಆರುವುದೂ ಇಲ್ಲ.

ಪ್ರಶ್ನೆ: ಚೀಲ ಎಳೆದುಕೊಂಡು ಹೋಗುವ ಹುಳು ಎಂದು ಓದಿದಾಗ ನಮ್ಮ ಮನೆಯ ಗೋಡೆಯಲ್ಲಿ ಕಾಣುವ ಬೂದುಬಣ್ಣದ, ಸೌತೆಬೀಜದಂತಹ ವಸ್ತು ನೆನಪಾಯಿತು. ಅದೂ ಇದೇ ಜಾತಿಯೇ?
— ಗೃಹಿಣಿ, ಬೆಂಗಳೂರು

ಉತ್ತರ: ಜಾತಿ ಬೇರೆ, ಬಳಗವೂ ಬೇರೆ, ಕಸುಬು ಮಾತ್ರ ಒಂದೇ. ನಿಮ್ಮ ಗೋಡೆಯಲ್ಲಿರುವುದು ಬಟ್ಟೆಯ ನುಸಿಯ ಬಳಗಕ್ಕೆ ಸೇರಿದ ಪತಂಗದ ಮರಿಹುಳು. ನಿನ್ನೆ ರಾತ್ರಿ ನನ್ನ ಓದುವ ಮೇಜಿನ ಪಕ್ಕದ ಗೋಡೆಯಲ್ಲೇ ಒಂದು ಕಂಡಿತು. ಸ್ವಲ್ಪ ಹೊತ್ತು ಅಲುಗಾಡದೆ ಕುಳಿತಿದ್ದರೆ ಚೀಲದ ಒಂದು ತುದಿ ತುಟಿಯಂತೆ ತೆರೆಯುತ್ತದೆ. ಕಂದು ತಲೆ ಹೊರಬಂದು, ಆರು ಪುಟ್ಟ ಕಾಲುಗಳಿಂದ ಗೋಡೆಯನ್ನು ಹಿಡಿದು, ಚೀಲವನ್ನು ಒಂದು ಮಿಲಿಮೀಟರಿನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತದೆ. ಉಸಿರು ತಾಗಿದರೂ ಸಾಕು, ತುಟಿ ಮುಚ್ಚುತ್ತದೆ. ಚೀಲದ ಎರಡೂ ತುದಿಗಳಲ್ಲಿ ಬಾಗಿಲಿರುವುದರಿಂದ ಕೆಲವೊಮ್ಮೆ ಅದು ಒಳಗೇ ತಿರುಗಿ ಇನ್ನೊಂದು ತುದಿಯಿಂದ ತಲೆ ಹಾಕುವುದೂ ಉಂಟು. ಇದು ತಿನ್ನುವುದು ತರಗೆಲೆಯನ್ನಲ್ಲ. ಹಳೆಯ ಜೇಡರ ಬಲೆ, ಉದುರಿದ ಕೂದಲು, ಉಣ್ಣೆಯ ಎಳೆ, ಸತ್ತ ಕೀಟದ ಚೂರು. ಚೀಲಕ್ಕೆ ಮೆತ್ತಿಕೊಂಡಿರುವುದು ನಿಮ್ಮ ಮನೆಯದೇ ಮರಳು ಮತ್ತು ಧೂಳು. ಉಣ್ಣೆಯ ಬಟ್ಟೆಗಳನ್ನು ಗಾಳಿ ಬಿಸಿಲಿಗೆ ಹಾಕಿ ಎತ್ತಿಟ್ಟು, ಮೂಲೆಗಳ ಜೇಡರ ಬಲೆಯನ್ನು ಗುಡಿಸಿದರೆ ಇದರ ಕಾಟ ತಾನಾಗಿ ಕಡಿಮೆಯಾಗುತ್ತದೆ.

ಈ ಚೀಲಗಳ ಕುಶಲತೆಯನ್ನು ಮೊದಲು ಬೆರಗಿನಿಂದ ಪರೀಕ್ಷಿಸಿದವರಲ್ಲಿ ಮೇಲೆ ಹೇಳಿದ ರಿಯೋಮುರ್ ಒಬ್ಬರು. ಅವರು ಚೀಲ ಹೊರುವ ಬಟ್ಟೆನುಸಿಯ ಹುಳುಗಳನ್ನು ಒಂದು ಬಣ್ಣದ ಉಣ್ಣೆಯಿಂದ ಇನ್ನೊಂದು ಬಣ್ಣದ ಉಣ್ಣೆಗೆ ಬದಲಾಯಿಸಿ, ಹೊಸ ಬಣ್ಣ ಚೀಲದಲ್ಲಿ ಎಲ್ಲೆಲ್ಲಿ ಸೇರುತ್ತದೆಂದು ಗಮನಿಸಿದರು. ಉದ್ದ ಹೆಚ್ಚಿಸಬೇಕಾದಾಗ ಹುಳು ಎರಡೂ ತುದಿಗಳಿಗೆ ಹೊಸ ಎಳೆ ಸೇರಿಸುತ್ತಿತ್ತು. ಅಗಲ ಸಾಲದಾದಾಗ ಪಕ್ಕವನ್ನು ಸೀಳಿ, ನಮ್ಮ ದರ್ಜಿಗಳು ರವಿಕೆ ಬಿಗಿಯಾದಾಗ ಪಕ್ಕಕ್ಕೆ ತುಂಡು ಕೊಟ್ಟು ಹೊಲಿಯುವಂತೆ, ನಡುವೆ ಹೊಸ ಪಟ್ಟಿ ಕೂರಿಸುತ್ತಿತ್ತು.

ಪ್ರಶ್ನೆ: ನಮ್ಮ ಹೊಲದ ಪಕ್ಕದ ನೀಲಗಿರಿ ತೋಪಿನಲ್ಲಿ ಎಲೆ ಬಿದ್ದು ವರ್ಷವಾದರೂ ಹಾಗೇ ಇರುತ್ತದೆ. ಅದನ್ನು ತಿನ್ನುವ ಹುಳು ಯಾವುದೂ ಇಲ್ಲವೇ?
— ಓದುಗರು, ಕೋಲಾರ ಜಿಲ್ಲೆ

ಉತ್ತರ: ಇದೆ, ಆದರೆ ನೀಲಗಿರಿಯ ತವರಿನಲ್ಲಿ. ಆಸ್ಟ್ರೇಲಿಯದಲ್ಲಿ ಇಕೊಫೊರಿಡೆ ಎಂಬ ಸಣ್ಣ ಪತಂಗಗಳ ಕುಟುಂಬವೊಂದು ಅಸಾಧಾರಣವಾಗಿ ಹಬ್ಬಿಕೊಂಡಿದೆ. ಹೆಸರಿಟ್ಟವುಗಳು ಎರಡು ಸಾವಿರಕ್ಕೂ ಹೆಚ್ಚು, ಹೆಸರಿಡದವುಗಳನ್ನೂ ಸೇರಿಸಿದರೆ ಐದು ಸಾವಿರದಷ್ಟು ಇರಬಹುದೆಂದು ತಜ್ಞರ ಅಂದಾಜು. ಕ್ಯಾನ್‌ಬೆರಾದ ಇಯಾನ್ ಕಾಮನ್ ಎಂಬ ಕೀಟತಜ್ಞರು ತಮ್ಮ ಬದುಕಿನ ಬಹುಭಾಗವನ್ನು ಇವುಗಳಿಗೆ ಕೊಟ್ಟು, 1994ರಿಂದ 2000ದವರೆಗೆ ಮೂರು ದೊಡ್ಡ ಸಂಪುಟಗಳನ್ನು ಪ್ರಕಟಿಸಿದರು. ಇವುಗಳಲ್ಲಿ ಬಹಳಷ್ಟು ಪತಂಗಗಳ ಮರಿಹುಳುಗಳಿಗೆ ಆಹಾರವೆಂದರೆ ನೆಲಕ್ಕೆ ಬಿದ್ದ ನೀಲಗಿರಿ ಎಲೆ. ಎಣ್ಣೆ ಮತ್ತು ಒಗರು ತುಂಬಿದ, ಸಾರಜನಕ ಕಡಿಮೆಯಿರುವ ಆ ಎಲೆಯನ್ನು ಎರಡೆರಡಾಗಿ ರೇಷ್ಮೆಯಿಂದ ಅಂಟಿಸಿಕೊಂಡು ನಡುವೆ ಕುಳಿತು ತಿನ್ನುವವೂ ಇವೆ, ಚೂರು ಕತ್ತರಿಸಿ ಚೀಲ ಮಾಡಿಕೊಳ್ಳುವವೂ ಇವೆ. ನೀಲಗಿರಿ ಎಲೆ ಮೇಯುವ ಕೋಲಾ ಎಂಬ ಪ್ರಾಣಿಯ ಹಿಕ್ಕೆಯನ್ನೇ ತಿಂದು ಬೆಳೆಯುವ ಪತಂಗವೂ ಈ ಕುಟುಂಬದಲ್ಲಿದೆ.

ನಮ್ಮಲ್ಲಿಗೆ ನೀಲಗಿರಿ ಬಂದದ್ದು 1790ರ ಸುಮಾರಿಗೆ, ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟಕ್ಕೆ. ಬಂದದ್ದು ಬೀಜ, ಅದರ ತರಗೆಲೆಯೊಡನೆ ಲಕ್ಷಾಂತರ ವರ್ಷ ಒಗ್ಗಿಕೊಂಡ ಪತಂಗಗಳು ಬೀಜದೊಡನೆ ಬರಲಿಲ್ಲ. ಕೋಲಾರದ ಒಣಹವೆಯೂ ಸೇರಿ ನಿಮ್ಮ ತೋಪಿನ ಎಲೆ ಅಷ್ಟು ಕಾಲ ಹಾಗೇ ಉಳಿಯುತ್ತದೆ. ಹಾಗೆಂದು ಆ ಪತಂಗಗಳನ್ನು ತಂದು ಬಿಡೋಣವೆಂದು ಯಾರೂ ಯೋಚಿಸಬಾರದು. ಹೊರಗಿನಿಂದ ತಂದ ಕೀಟ ನಮ್ಮಲ್ಲಿ ಏನನ್ನು ತಿನ್ನಲು ಹೊರಡುತ್ತದೆಂಬುದು ಯಾರ ಹತೋಟಿಯಲ್ಲಿಯೂ ಇರುವುದಿಲ್ಲ.

ಪ್ರಶ್ನೆ: ಹಸಿರು ನೀಳಮೀಸೆ ನಮ್ಮ ಮಲೆನಾಡಿನಲ್ಲಿ ಸಿಗುತ್ತದೆಯೇ? ಮನೆಯಂಗಳದ ತರಗೆಲೆಗೆ ಬೆಂಕಿ ಹಾಕುವುದರಿಂದ ಇಂತಹವಕ್ಕೆ ತೊಂದರೆಯೇ?
— ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಅಡೆಲಾ ರಿಯೋಮುರೆಲ್ಲಾ ಯುರೋಪಿನದು, ನಮ್ಮಲ್ಲಿ ಇಲ್ಲ. ಆದರೆ ಅದೇ ನೀಳಮೀಸೆ ಕುಟುಂಬದ ನೆಮೊಫೋರಾ ಎಂಬ ಪಂಗಡದ ಪತಂಗಗಳು ಭಾರತದಲ್ಲಿವೆ. ನಮ್ಮ ಸಣ್ಣ ಪತಂಗಗಳ ಬಗ್ಗೆ ಇಂದಿಗೂ ಆಧಾರವಾಗಿರುವ ಬರಹಗಳಲ್ಲಿ ಬಹುಭಾಗ ಎಡ್ವರ್ಡ್ ಮೆಯ್ರಿಕ್ ಅವರವು. ಇಂಗ್ಲೆಂಡಿನ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದ ಅವರು 1938ರಲ್ಲಿ ತೀರಿಕೊಳ್ಳುವವರೆಗೂ ಸಾವಿರಾರು ಪತಂಗಗಳಿಗೆ ಹೆಸರಿಟ್ಟರು. ಕೊಡಗಿನಿಂದ ಕಳಿಸಿದ ಮಾದರಿಗಳೂ ಅವರ ಮೇಜಿಗೆ ತಲುಪಿದ್ದವು. ಮೇಷ್ಟರೊಬ್ಬರು ಬಿಡುವಿನ ವೇಳೆಯಲ್ಲಿ ಇಷ್ಟು ಮಾಡಿದ್ದಾರೆಂಬುದನ್ನು ನಿಮ್ಮಂತಹ ಶಿಕ್ಷಕರಿಗೆ ಹೇಳಲು ನನಗೆ ಸಂತೋಷ. ಇವಲ್ಲದೆ, ರಾತ್ರಿ ದೀಪಕ್ಕೆ ಬರುವ ಕಂದುಬಣ್ಣದ ಸಿಂಪ್ಲಿಸಿಯಾ, ಹೈಡ್ರಿಲ್ಲೋಡಿಸ್ ಮುಂತಾದ ಪಂಗಡಗಳ ಪತಂಗಗಳು ನಮ್ಮಲ್ಲಿವೆ. ಅವುಗಳ ಮರಿಹುಳುಗಳೂ ಒಣಗಿದ, ಕೊಳೆಯುತ್ತಿರುವ ಎಲೆಯನ್ನೇ ತಿನ್ನುತ್ತವೆ. ಬಣ್ಣದಲ್ಲಿ ಅವು ತರಗೆಲೆಯಂತೆಯೇ ಇರುವುದರಿಂದ ನಾವು ಗಮನಿಸದೆ ಬಿಟ್ಟಿದ್ದೇವೆ.

ಬೆಂಕಿಯ ಮಾತು: ದಯವಿಟ್ಟು ಹಾಕಬೇಡಿ. ಚೀಲ ಹೊತ್ತ ಹುಳು ಓಡಿ ತಪ್ಪಿಸಿಕೊಳ್ಳಲಾರದು. ಹತ್ತು ನಿಮಿಷದ ಉರಿಯಲ್ಲಿ ಅದರ ಒಂದು ವರ್ಷದ ಬೆಳವಣಿಗೆ ಹೋಗುತ್ತದೆ. ಅಂಗಳವನ್ನು ಗುಡಿಸಲೇಬೇಕು, ಹಾವಿನ ಭಯವೂ ಇರುತ್ತದೆ, ಅದನ್ನು ನಾನು ಬಲ್ಲೆ. ಗುಡಿಸಿದ್ದನ್ನು ಮನೆಯಿಂದ ದೂರದ ಬೇಲಿಯ ಮೂಲೆಯಲ್ಲಿ ಒಟ್ಟಿಬಿಡಿ, ಅಡಿಕೆ ಬುಡಕ್ಕೆ ಹಾಕಿ, ಗೊಬ್ಬರಗುಂಡಿಗೆ ಸೇರಿಸಿ. ನಮ್ಮ ಹಿರಿಯರು ಸೊಪ್ಪಿನಬೆಟ್ಟದಿಂದ ದರಕನ್ನು ತರುವಾಗಲೂ ಬೆಟ್ಟವನ್ನು ಪೂರ್ತಿ ಬೋಳಿಸುತ್ತಿರಲಿಲ್ಲ.

ಕೊನೆಯದಾಗಿ, ಬ್ರಿಸ್ಟಲ್‌ನ ಓದುಗರು ಮತ್ತೊಮ್ಮೆ ಬರೆದು, ಆ ಹುಳುವನ್ನು ಕಣ್ಣಾರೆ ನೋಡುವುದು ಹೇಗೆಂದು ಕೇಳಿದ್ದಾರೆ. ಮಾರ್ಚ್ ಆರಂಭದವರೆಗೆ ಅಲ್ಲಿರುವಿರಾದರೆ, ಮೇ ತಿಂಗಳಲ್ಲಿ ಕುಣಿತ ಕಂಡ ಅದೇ ಮರದ ಬುಡಕ್ಕೆ ಹೋಗಿ, ಮೇಲಿನ ಒಣ ಎಲೆಗಳನ್ನು ಸರಿಸಿ, ಅಡಿಯಲ್ಲಿರುವ ತೇವದ ಪದರದಿಂದ ಎರಡು ಬೊಗಸೆಯಷ್ಟನ್ನು ಬಿಳಿಯ ಬಟ್ಟೆಯ ಮೇಲೆ ಹರಡಿಕೊಳ್ಳಿ. ಒಂದೊಂದೇ ಎಲೆಯನ್ನು ಎತ್ತಿಡುತ್ತ ಹೋದರೆ, ಎಲೆಯ ಚೂರೇ ಎಂದು ಬಿಟ್ಟುಬಿಡುವಂತಹ ಚಪ್ಪಟೆಯಾದೊಂದು ತುಣುಕು ಕೆಲವು ನಿಮಿಷಗಳ ಮೇಲೆ ತಾನಾಗಿ ಜರುಗೀತು. ಭೂತಗನ್ನಡಿ ಇದ್ದರೆ ಒಳ್ಳೆಯದು, ಮೊಮ್ಮಗುವಿಗೂ ತೋರಿಸಿ. ನೋಡಿಯಾದ ಮೇಲೆ ಎಲೆಗಳನ್ನೆಲ್ಲ ಎತ್ತಿಕೊಂಡ ಜಾಗದಲ್ಲೇ ಹಾಕಿ, ಮೇಲೆ ಒಣ ಎಲೆ ಮುಚ್ಚಿ ಬನ್ನಿ.